ಹಾಸಿಗೆ ಎತ್ತಬೇಕಾ, ಬೇಡ್ವಾ?

ಬೆಳಗ್ಗೆ ನಿಮ್ಮ ಫೋನು "ಮಳೆ ಸಾಧ್ಯತೆ 40%" ಅಂತ ತೋರಿಸಿದರೆ ನೀವು ಏನು ಮಾಡ್ತೀರಿ? ಕೊಡೆ ತಗೊಂಡು ಹೋಗ್ತೀರಾ, ಮನೆಯಲ್ಲೇ ಬಿಡ್ತೀರಾ? ಟೊರಾಂಟೊದಲ್ಲೋ ಸಿಡ್ನಿಯಲ್ಲೋ ಕೂತು ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮಲ್ಲಿ ಬಹಳ ಜನಕ್ಕೆ ಇದೊಂದು ದೊಡ್ಡ ಪ್ರಶ್ನೆಯೇ ಅಲ್ಲ. ನೆಂದರೆ ಮನೆಗೆ ಬಂದು ಬಟ್ಟೆ ಬದಲಾಯಿಸಿದರಾಯಿತು. ನನಗೂ ಹಾಗೇ ಇತ್ತು. ತಮಾಷೆ ಅಂದರೆ, ಆ ಶೇಕಡಾ ಲೆಕ್ಕ ಹಾಕುವುದೇ ನನ್ನ ಕೆಲಸ. ಹಾಗಿದ್ದೂ ಅದರ ಅರ್ಥ ನನಗೆ ಪೂರ್ತಿ ಗೊತ್ತಿರಲಿಲ್ಲ ಅನ್ನುವುದು ತಿಳಿದದ್ದು 2024ರ ಏಪ್ರಿಲ್‌ನಲ್ಲಿ, ತರಕಾರಿ ಮಾರುವ ಒಬ್ಬ ಹೆಂಗಸಿನಿಂದ. ಆ ಕತೆ ಹೇಳ್ತೀನಿ. ಸ್ವಲ್ಪ ಹವಾಮಾನದ ಪಾಠವೂ ಬರುತ್ತೆ, ಸಹಿಸಿಕೊಳ್ಳಿ.

ನಾನಿರುವುದು ನೈರೋಬಿಯ ನ್ಗಾರಾದಲ್ಲಿ. ಊರಿನ ನಡುಭಾಗದಿಂದ ಹೊರಟು, ನೈರೋಬಿ ನದಿ ದಾಟಿ ಏರು ಹತ್ತಿದರೆ ಸಿಗುವ ಹಳೆಯ ಬಡಾವಣೆ. ರೈಲಿನ ಕಾಲದಲ್ಲಿ ಬಂದ ಭಾರತೀಯರ ಮಕ್ಕಳು ಮೊಮ್ಮಕ್ಕಳು ಒಂದು ಕಾಲಕ್ಕೆ ತುಂಬಿಕೊಂಡಿದ್ದ ಜಾಗ. ಈಗ ಹಳೇ ಬಂಗಲೆಗಳ ಪಕ್ಕದಲ್ಲೇ ಎತ್ತರದ ಅಪಾರ್ಟ್‌ಮೆಂಟುಗಳು, ರಸ್ತೆ ಬದಿಯಲ್ಲಿ ಬಟ್ಟೆ ಅಂಗಡಿಗಳು, ದಿನವಿಡೀ ಮತಾಟು ವ್ಯಾನುಗಳ ಹಾರ್ನು. ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಗುಜರಾತಿ ಕೇಳುತ್ತೆ, ಪಂಜಾಬಿ ಕೇಳುತ್ತೆ. ಕನ್ನಡ ಬೇಕು ಅಂದರೆ ನನಗೆ ಫೋನೇ ಗತಿ.

ಆ ಫೋನು ಭಾನುವಾರ ಬೆಳಗ್ಗೆ ಬರುತ್ತೆ. ಅಪ್ಪ ಮೂಡಿಗೆರೆ ಕಡೆಯವರು, ಆರು ಎಕರೆ ಕಾಫಿ, ಅದರ ನಡುವೆ ಮೆಣಸು. "ಊಟ ಆಯ್ತಾ" ಅನ್ನುವುದು ಅಮ್ಮನ ಪಾಲಿನ ಪ್ರಶ್ನೆ. ಅಪ್ಪ ಶುರು ಮಾಡುವುದೇ ಮಳೆಯಿಂದ. "ನಿನ್ನೆ ರಾತ್ರಿ ಒಂದಿಂಚು ಇಪ್ಪತ್ತು ಸೆಂಟು ಆಯ್ತು ಪುಟ್ಟಿ." ನಿಮಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಕಾಫಿ ಸೀಮೆಯಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ ಹೇಳುವುದು. ನೂರು ಸೆಂಟಿಗೆ ಒಂದು ಇಂಚು. ಅಂಗಳದ ಮಾಪಕದಲ್ಲಿ ಎಷ್ಟು ನೀರು ನಿಂತಿದೆ ಅಂತ ಬೆಳಗ್ಗೆ ನೋಡಿ ಪುಸ್ತಕದಲ್ಲಿ ಬರೆದಿಡುವುದು ಅಜ್ಜನ ಕಾಲದಿಂದ ನಡೆದು ಬಂದ ರೂಢಿ. ನಾನು ಈ ಕಡೆ ಮನಸ್ಸಿನಲ್ಲೇ 25ರಿಂದ ಗುಣಿಸಿ ಮಿಲಿಮೀಟರಿಗೆ ತಂದುಕೊಳ್ಳುತ್ತೇನೆ. ಆಮೇಲೆ ಅವರ ಪ್ರಶ್ನೆ: "ನಿಮ್ಮಲ್ಲಿ ಹೆಂಗೆ?"

ನಮ್ಮಲ್ಲಿ ಹೇಗೆ ಅಂತ ಹೇಳಬೇಕಾದರೆ ಮೊದಲು ಒಂದು ಪದದ ಗೊಂದಲ ಬಿಡಿಸಬೇಕು. ನಾನು ಎಂ.ಎಸ್ಸಿ. ಮಾಡಿದ್ದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಅಲ್ಲಿ ಮಾರ್ಚ್ ಅಂದರೆ ಸ್ಪ್ರಿಂಗ್. ವಾರಕ್ಕೊಮ್ಮೆಯಾದರೂ ಒಂದು ಕೋಲ್ಡ್ ಫ್ರಂಟ್ ಹಾದು ಹೋಗೋದು. ಬೆಚ್ಚಗಿನ ತೇವದ ಗಾಳಿಯ ಅಡಿಗೆ ತಣ್ಣಗಿನ ಭಾರದ ಗಾಳಿ ನುಗ್ಗಿ, ಅದನ್ನು ಮೇಲಕ್ಕೆತ್ತುವ ಗಡಿಯೇ ಕೋಲ್ಡ್ ಫ್ರಂಟ್. ಒಂದೆರಡು ಗಂಟೆ ಜೋರು ಮಳೆ, ಆಮೇಲೆ ಗಾಳಿ ನೈಋತ್ಯದಿಂದ ವಾಯವ್ಯಕ್ಕೆ ತಿರುಗುತ್ತೆ, ಚಳಿ ಏರುತ್ತೆ, ಆಕಾಶ ತೊಳೆದಂತಾಗುತ್ತೆ. ಫ್ರಂಟ್ ಅನ್ನುವ ಹೆಸರು ಬಂದದ್ದು ಯುದ್ಧದಿಂದ. ಮೊದಲ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿನಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಬ್ಯರ್ಕ್‌ನೆಸ್ ಅಪ್ಪ ಮಗ ಮತ್ತವರ ಜೊತೆಗಾರರು ಈ ಗಡಿಗಳನ್ನು ಗುರುತಿಸಿದರು. ಎರಡು ಸೈನ್ಯ ಎದುರುಬದುರು ನಿಂತ ಗಡಿಯ ಹೆಸರನ್ನೇ ಎರಡು ಗಾಳಿಗಳ ಗಡಿಗೂ ಇಟ್ಟರು. ನಕ್ಷೆಯಲ್ಲಿ ನೀಲಿ ಹಲ್ಲುಗಳ ಗೆರೆ ನೋಡಿದ್ದೀರಲ್ಲ, ಅದೇ. ಆ ಗೆರೆ ಬಂದರೆ ಮುನ್ಸೂಚನೆ ಹೇಳುವುದು ಒಂಥರಾ ಸುಲಭ. ಗೆರೆ ಈಗ ಎಲ್ಲಿದೆ, ಎಷ್ಟು ವೇಗದಲ್ಲಿ ಬರ್ತಿದೆ ಅಂತ ನೋಡಿ "ನಾಳೆ ಮಧ್ಯಾಹ್ನ ಮೂರಕ್ಕೆ ಮಳೆ" ಅನ್ನಬಹುದು.

ನೈರೋಬಿಗೆ ಆ ಗೆರೆ ಬರಲ್ಲ. ಭೂಮಧ್ಯರೇಖೆಗೆ ಇಷ್ಟು ಹತ್ತಿರದಲ್ಲಿ ಬಿಸಿ ಗಾಳಿ, ತಣ್ಣನೆ ಗಾಳಿ ಅಂತ ಎರಡು ಪಕ್ಷಗಳೇ ಇಲ್ಲ. ವಸಂತವೂ ಇಲ್ಲ. ಇಲ್ಲಿರುವುದು ಸೂರ್ಯನ ಹಿಂದೆ ಹೋಗುವ ಮಳೆಪಟ್ಟಿ. ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿ ದಾಟುತ್ತಾನೆ, ಅವನ ಹಿಂದೆಯೇ ಮಳೆಪಟ್ಟಿಯೂ ಎರಡು ಸಲ ದಾಟುತ್ತೆ. ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ಸ್ವಾಹಿಲಿಯಲ್ಲಿ ಮಸಿಕಾ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ, ವುಲಿ. ನೈರೋಬಿಯಲ್ಲಿ ಇಡೀ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ನಮ್ಮ ಮಲೆನಾಡಿನಲ್ಲಿ ಜೋರು ಜುಲೈ ಒಂದರಲ್ಲೇ ಅಷ್ಟು ಸುರಿಯುವುದುಂಟು. ಇದನ್ನು ಕೇಳಿದಾಗ ಅಪ್ಪ ನಕ್ಕಿದ್ದರು: "ಅಷ್ಟಕ್ಕೇ ನಿಂಗೆ ಸಂಬಳ ಕೊಡ್ತಾರಾ?"

ಕೊಡ್ತಾರೆ. ಬೆಳೆ ವಿಮೆಗೆ ಸಂಬಂಧಪಟ್ಟ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಡೇಟಾ ಸೈಂಟಿಸ್ಟ್. ನಮ್ಮ ಕೆಲಸ ಮುಖ್ಯವಾಗಿ ಋತುವಿನ ಮುನ್ಸೂಚನೆ. ನಾಳೆಯದ್ದಲ್ಲ, ಬರುವ ಮೂರು ತಿಂಗಳದ್ದು. ಪೂರ್ವ ಆಫ್ರಿಕದ ಹನ್ನೊಂದು ದೇಶಗಳಿಗೆ ಇದನ್ನು ಅಧಿಕೃತವಾಗಿ ಮಾಡುವುದು ಇಕ್‌ಪ್ಯಾಕ್ ಅನ್ನುವ ಕೇಂದ್ರ, ನೈರೋಬಿ ಪಕ್ಕದ ನ್ಗಾಂಗ್‌ನಲ್ಲಿದೆ. 1998ರಿಂದ ಈ ದೇಶಗಳ ಹವಾಮಾನದವರು ವರ್ಷಕ್ಕೆ ಹಲವು ಸಲ ಸೇರಿ, ತಮ್ಮ ತಮ್ಮ ಲೆಕ್ಕಗಳನ್ನು ಎದುರಿಗಿಟ್ಟುಕೊಂಡು ಚರ್ಚಿಸಿ, ಒಂದು ಬಣ್ಣದ ನಕ್ಷೆ ಹೊರಡಿಸುತ್ತಾರೆ. ಆಮೇಲೆ ಡಗೊರೆಟಿಯಲ್ಲಿರುವ ಕೆನ್ಯಾ ಹವಾಮಾನ ಇಲಾಖೆ ಅದನ್ನು ತನ್ನ ದೇಶಕ್ಕೆ ತಕ್ಕಂತೆ ವಿವರವಾಗಿ ಹೇಳುತ್ತೆ.

ಆ ನಕ್ಷೆ ಓದುವುದು ಹೇಗೆ? ಕಳೆದ ಮೂವತ್ತು ವರ್ಷಗಳ ಮಾರ್ಚ್–ಮೇ ಮಳೆಯನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ. ಮೊದಲ ಹತ್ತು ವರ್ಷ "ಕಡಿಮೆ" ಡಬ್ಬಿಗೆ, ನಡುವಿನ ಹತ್ತು "ಸಾಧಾರಣ" ಡಬ್ಬಿಗೆ, ಕೊನೆಯ ಹತ್ತು "ಹೆಚ್ಚು" ಡಬ್ಬಿಗೆ. ಏನೂ ಗೊತ್ತಿಲ್ಲದಿದ್ದರೆ ಬರುವ ಮಳೆಗಾಲ ಯಾವ ಡಬ್ಬಿಗೆ ಬಿದ್ದೀತು? ಮೂರಕ್ಕೂ ಒಂದೇ ಅವಕಾಶ, 33, 33, 33. ಸಮುದ್ರದ ಬಿಸಿ, ಗಾಳಿಯ ದಿಕ್ಕು ಎಲ್ಲ ಸೇರಿಸಿದ ಮೇಲೆ ಆ ಅಂಕಿ ಸ್ವಲ್ಪ ಸರಿಯುತ್ತೆ. 45, 35, 20 ಅಂತ ಆದರೆ ನಮ್ಮ ಭಾಷೆಯಲ್ಲಿ ಅದು "ವಾಡಿಕೆಗಿಂತ ಹೆಚ್ಚು ಮಳೆಯ ಸಾಧ್ಯತೆ". ಗಮನಿಸಿ, ಹೆಚ್ಚು ಬರಲಿಕ್ಕಿಲ್ಲ ಅನ್ನುವುದಕ್ಕೂ ಅದರಲ್ಲಿ ಇನ್ನೂ 55 ಉಳಿದಿದೆ.

ನಮ್ಮ ಅಜ್ಜಿಯರ ಮಳೆ ನಕ್ಷತ್ರಗಳೂ ಹೆಚ್ಚುಕಡಿಮೆ ಇದೇ ಜಾತಿಯವು. ಎರಡನೇ ತಲೆಮಾರಿನ ಓದುಗರಿಗೆ ಹೇಳುವುದಾದರೆ: ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ನಡುವಿನಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಆಮೇಲೆ ಕೃತ್ತಿಕೆ, ರೋಹಿಣಿ. ಭರಣಿ ಮಳೆ ಬಂದರೆ ಧರಣಿ ಎಲ್ಲ ಬೆಳೆ ಅಂತ ಗಾದೆ. ಅದೂ ನೂರಾರು ವರ್ಷ ನೋಡಿ ನೋಡಿ ಕಟ್ಟಿದ ಸರಾಸರಿಯೇ. ಈ ಭರಣಿಯಲ್ಲಿ ಯಾವ ರಾತ್ರಿ ಅಂತ ಗಾದೆಯೂ ಹೇಳಲ್ಲ, ನಮ್ಮ ನಕ್ಷೆಯೂ ಹೇಳಲ್ಲ.

ಅದರಲ್ಲೂ ಮಸಿಕಾ ಸ್ವಲ್ಪ ಹಟಮಾರಿ. ಅಕ್ಟೋಬರಿನ ಸಣ್ಣ ಮಳೆ ಸಮುದ್ರದ ಮಾತು ಕೇಳುತ್ತೆ. ಎಲ್ ನಿನ್ಯೊ ಇದೆಯಾ, ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಬಿಸಿ ಇದೆಯಾ ಅಂತ ನೋಡಿದರೆ ಒಂದು ಅಂದಾಜು ಸಿಗುತ್ತೆ. ಮಾರ್ಚಿನ ದೊಡ್ಡ ಮಳೆಗೆ ಸಮುದ್ರದ ಹಿಡಿತ ಸಡಿಲ. ಭೂಮಧ್ಯರೇಖೆಯ ಗುಂಟ ತಿಂಗಳು ಎರಡು ತಿಂಗಳಿಗೊಮ್ಮೆ ಪೂರ್ವಕ್ಕೆ ಸಾಗುವ ಮೋಡಗಳ ಒಂದು ದೊಡ್ಡ ಅಲೆ, ಮಡಗಾಸ್ಕರ್ ಬಳಿ ಏಳುವ ಚಂಡಮಾರುತ, ಹೀಗೆ ಎರಡು ಮೂರು ವಾರ ಮೊದಲಷ್ಟೇ ಕಾಣುವ ಸಂಗತಿಗಳು ಅದನ್ನು ಎಳೆದಾಡುತ್ತವೆ. 2020ರ ಕೊನೆಯಿಂದ 2022ರ ಕೊನೆಯವರೆಗೆ ಐದು ಮಳೆಗಾಲ ಒಂದರ ಹಿಂದೊಂದು ಕೈಕೊಟ್ಟು ಉತ್ತರ ಕೆನ್ಯಾದಲ್ಲಿ ದನಕರು ಸತ್ತವು. 2023ರ ಕೊನೆಗೆ ಎಲ್ ನಿನ್ಯೊ ಮಳೆ ಬಂದು ಊರೂರು ಮುಳುಗಿದವು. ಇದರ ಬೆನ್ನಿಗೇ ಬಂದದ್ದು 2024ರ ಮಸಿಕಾ. ಈ ಭಾಗದ ಹೆಚ್ಚಿನ ಕಡೆ ಮಳೆ ವಾಡಿಕೆಗಿಂತ ಜಾಸ್ತಿ ಆಗಬಹುದು ಅಂತ ನಕ್ಷೆ ಹೇಳಿತ್ತು. ನನ್ನ ಆಫೀಸಿನ ಲೆಕ್ಕದಲ್ಲಿ ನೈರೋಬಿಗೆ ಬಂದ ಅಂಕಿ ಅದೇ 45.

ಈಗ ತರಕಾರಿಯವರ ವಿಷಯಕ್ಕೆ ಬರ್ತೀನಿ.

ಇಲ್ಲಿ ರಸ್ತೆ ಬದಿ ತರಕಾರಿ ಮಾರುವ ಹೆಂಗಸನ್ನು ಮಾಮಾ ಮ್ಬೋಗಾ ಅಂತಾರೆ, ತರಕಾರಿ ಅಮ್ಮ. ನಾನು ಅವರನ್ನು ಮಾಮಾ ಅಂತೀನಿ, ಅವರು ನನ್ನನ್ನು ದಾದಾ ಅಂತಾರೆ. ಸ್ವಾಹಿಲಿಯ ದಾದಾ ಅಂದರೆ ಸೋದರಿ, ನಮ್ಮೂರಿನ ದಾದಾ ಅಲ್ಲ. ಮೊದಮೊದಲು ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ನ್ಗಾರಾದ ನಮ್ಮ ಗೇಟಿನಿಂದ ಐವತ್ತು ಹೆಜ್ಜೆ ದೂರದಲ್ಲಿ ಅವರ ಜಾಗ. ಟೊಮೆಟೊ ಗುಡ್ಡೆ, ಈರುಳ್ಳಿ ಗುಡ್ಡೆ, ಸುಕುಮಾ ವಿಕಿ ಅನ್ನುವ ಸೊಪ್ಪು. ಮಾತಾಡ್ತಾ ಮಾತಾಡ್ತಾ ಆ ಸೊಪ್ಪನ್ನು ಕೂದಲೆಳೆ ಥರ ಹೆಚ್ಚಿ ಕೊಡ್ತಾರೆ. ಮನೆ ಮಥಾರೆಯಲ್ಲಿ, ನದಿ ಪಕ್ಕ, ತಗಡಿನ ಒಂದೇ ಕೋಣೆ. ಇಬ್ಬರು ಮಕ್ಕಳು.

ಆ ವರ್ಷದ ಮಾರ್ಚಿನ ಒಂದು ಸಂಜೆ ಕೇಳಿದರು: "ದಾದಾ, ಈ ಸಲ ಮಳೆ ಜಾಸ್ತಿ ಅಂತ ರೇಡಿಯೋದಲ್ಲಿ ಅಂದ್ರು. ನೀನು ಮಳೆ ಆಫೀಸಿನವಳಲ್ವಾ. ನಿಜಾನಾ?"

ನನಗೆ ಖುಷಿಯಾಯಿತು. ನನ್ನ ಕೆಲಸದ ಬಗ್ಗೆ ಯಾರೂ ಕೇಳಲ್ಲ. ಅವರದ್ದೇ ಟೊಮೆಟೊ ತಗೊಂಡು ಪಾಠ ಶುರು ಮಾಡಿದೆ. ಇಪ್ಪತ್ತು ಟೊಮೆಟೊದಲ್ಲಿ ಒಂಬತ್ತು ಇಲ್ಲಿ, ಇದು ಹೆಚ್ಚು ಮಳೆ. ಏಳು ಇಲ್ಲಿ, ಸಾಧಾರಣ. ನಾಲ್ಕು ಇಲ್ಲಿ, ಕಡಿಮೆ. ಕಣ್ಣು ಮುಚ್ಚಿ ಒಂದು ಟೊಮೆಟೊ ಎತ್ತಿದ ಹಾಗೆ ಈ ಮಳೆಗಾಲ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು:

"ಸರಿ. ಹಾಗಾದ್ರೆ ಗೊಡೊರೊ ಎತ್ತಬೇಕಾ, ಬೇಡ್ವಾ?"

ಗೊಡೊರೊ ಅಂದರೆ ಹಾಸಿಗೆ. ನಾನು ನಕ್ಕೆ. "ಅದನ್ನೆಲ್ಲ ಹೇಳಕ್ಕಾಗಲ್ಲ ಮಾಮಾ. ಇದು ಇಡೀ ಸೀಸನ್ ಲೆಕ್ಕ." ಅವರು ಟೊಮೆಟೊಗಳನ್ನು ಮತ್ತೆ ಗುಡ್ಡೆ ಮಾಡಿದರು. ನಾನು ಸೊಪ್ಪು ತಗೊಂಡು ಮನೆಗೆ ಬಂದೆ.

ಏಪ್ರಿಲ್ 23ರ ರಾತ್ರಿ ನ್ಗಾರಾದಲ್ಲಿ ಕಿವಿ ಮುಚ್ಚುವಂಥ ಮಳೆ. ಕರೆಂಟು ಹೋಯಿತು. ಕಿಟಕಿಯಿಂದ ನೋಡಿದರೆ ರಸ್ತೆ ಯಾವುದು ಚರಂಡಿ ಯಾವುದು ಗೊತ್ತಾಗುತ್ತಿರಲಿಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ಉಪಗ್ರಹ ಚಿತ್ರ ತೆರೆದು ಮೋಡದ ತುದಿ ಎಷ್ಟು ತಣ್ಣಗಿದೆ ಅಂತ ನೋಡುತ್ತಾ ಕೂತಿದ್ದೆ. ತುದಿ ತಣ್ಣಗಿದ್ದಷ್ಟೂ ಮೋಡ ಎತ್ತರ, ಮೋಡ ಎತ್ತರವಿದ್ದಷ್ಟೂ ಮಳೆ ಜೋರು. ಚೆನ್ನಾಗಿದೆ ಚಿತ್ರ ಅಂತ ಅನ್ನಿಸಿತು ಕೂಡ. ಬೆಳಗ್ಗೆ ಸುದ್ದಿಯಲ್ಲಿ ಮಥಾರೆ ಕಾಣಿಸಿತು. ನದಿ ಉಕ್ಕಿ ಗಲ್ಲಿಗಳಿಗೆ ನುಗ್ಗಿತ್ತು. ಜನ ತಗಡಿನ ಮಾಡಿನ ಮೇಲೆ ನಿಂತಿದ್ದರು. ನೈರೋಬಿ ಅನ್ನುವ ಹೆಸರು ಮಸಾಯಿ ಭಾಷೆಯದ್ದು, ತಣ್ಣೀರಿನ ಜಾಗ ಅಂತ ಅರ್ಥ. ಆ ಹೆಸರು ಅವತ್ತು ನನಗೆ ಬೇರೆ ಥರ ಕೇಳಿಸಿತು.

ಮಾಮಾ ಬಂದಿರಲಿಲ್ಲ. ಮಾರನೆ ದಿನವೂ ಇಲ್ಲ. ಅವರ ನಂಬರ್ ನನ್ನ ಹತ್ತಿರ ಇಲ್ಲ ಅಂದುಕೊಂಡಿದ್ದೆ, ಆಮೇಲೆ ನೆನಪಾಯಿತು. ನಾನು ದುಡ್ಡು ಕೊಡುವುದು ಎಂ-ಪೆಸಾದಲ್ಲಿ. ಹಳೇ ಮೆಸೇಜು ಹುಡುಕಿದರೆ ನಂಬರಿತ್ತು, ಅದರ ಪಕ್ಕ ಹೆಸರೂ ಇತ್ತು. ಎರಡು ವರ್ಷ ಸೊಪ್ಪು ತಗೊಂಡ ಮೇಲೆ ಅವರ ಪೂರ್ತಿ ಹೆಸರನ್ನು ನಾನು ಗಮನವಿಟ್ಟು ಓದಿದ್ದು ಅವತ್ತೇ. ಫೋನು ಸ್ವಿಚ್ ಆಫ್.

ಮಳೆ ನಿಲ್ಲಲಿಲ್ಲ. ಏಪ್ರಿಲ್ 29ರ ನಸುಕಿನಲ್ಲಿ, ನೈರೋಬಿಯಿಂದ ಸ್ವಲ್ಪ ದೂರದ ಮಾಯ್ ಮಹಿಯೂ ಬಳಿ, ರೈಲು ಹಳಿಯ ಅಡಿ ಕಟ್ಟಿಕೊಂಡಿದ್ದ ನೀರು ಒಡೆದು ಮನೆಗಳ ಮೇಲೆ ನುಗ್ಗಿ ಹತ್ತಾರು ಜನ ಹೋದರು. ಅದೇ ದಿನ ತೆರೆಯಬೇಕಿದ್ದ ಶಾಲೆಗಳು ಮೇ 13ರವರೆಗೂ ತೆರೆಯಲಿಲ್ಲ. ಮೇ ನಡುವಿನ ಹೊತ್ತಿಗೆ ದೇಶದಲ್ಲಿ ಸತ್ತವರ ಸಂಖ್ಯೆ 250 ದಾಟಿತ್ತು. ನಮ್ಮ ಆಫೀಸಿನ ಮೀಟಿಂಗಿನಲ್ಲಿ ಒಂದು ಸ್ಲೈಡು ತೋರಿಸಿದರು. ಮುನ್ಸೂಚನೆ "ಹೆಚ್ಚು", ಬಿದ್ದದ್ದು "ಹೆಚ್ಚು", ಪಕ್ಕದಲ್ಲಿ ಹಸಿರು ಟಿಕ್ ಮಾರ್ಕು. ಆ ಸ್ಲೈಡು ಮಾಡಿದವಳು ನಾನೇ.

ಒಂಬತ್ತನೇ ದಿನ ಮಾಮಾ ಬಂದರು. ಟೊಮೆಟೊ ಮಾತ್ರ ಇತ್ತು. ರಾತ್ರಿ ಎರಡಕ್ಕೆ ಕಾಲಿಗೆ ನೀರು ತಾಗಿ ಎಚ್ಚರವಾಯಿತಂತೆ. ಮಕ್ಕಳಿಬ್ಬರನ್ನು ಎಳೆದುಕೊಂಡು ಜುಜಾ ರಸ್ತೆಯ ಏರಿಗೆ ಓಡಿದರಂತೆ. ಹಾಸಿಗೆ, ಮಕ್ಕಳ ಯೂನಿಫಾರ್ಮು, ಪುಸ್ತಕ, ಮಾರಲು ತಂದಿಟ್ಟಿದ್ದ ಒಂದು ಮೂಟೆ ಆಲೂಗಡ್ಡೆ, ಎಲ್ಲ ಹೋಯಿತು. ಇದಿಷ್ಟು ಹೇಳಿ, ನನ್ನ ಮುಖ ನೋಡಿ, ನನಗೇ ಸಮಾಧಾನ ಮಾಡುವವರ ಹಾಗೆ ಅಂದರು: "ನೀನು ಹೇಳಿದ್ದು ಸರಿಯಾಗೇ ಇತ್ತು ದಾದಾ. ಮಳೆ ಜಾಸ್ತಿ ಬಂತು."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತೇನೋ.

ಆ ಭಾನುವಾರ ಅಪ್ಪನಿಗೆ ಎಲ್ಲ ಹೇಳಿದೆ. ಊರಲ್ಲಿ ಭರಣಿ ನಡೆಯುತ್ತಿತ್ತು. ಅಪ್ಪ ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಅವ್ರು ಕೇಳಿದ್ದು ಹಾಸಿಗೆ ವಿಷ್ಯ. ನೀನು ಹೇಳಿದ್ದು ಮಳೆ ವಿಷ್ಯ" ಅಂದರು.

"ಹಾಸಿಗೆ ವಿಷಯ ನನಗೆ ಹೆಂಗೆ ಗೊತ್ತಾಗ್ಬೇಕು ಅಪ್ಪ? ಯಾವ ರಾತ್ರಿ ಅಂತ ಯಾರಿಗೂ ಹೇಳಕ್ಕಾಗಲ್ಲ."

"ನಂಗೂ ಗೊತ್ತಾಗಲ್ಲ. ಆದ್ರೂ ಪ್ರತಿ ವರ್ಷ ಸ್ಪ್ರಿಂಕ್ಲರ್ ಹಾಕ್ತೀನಲ್ಲ."

ಇದನ್ನು ಬಿಡಿಸಿ ಹೇಳಬೇಕು. ಕಾಫಿ ಗಿಡದ ಮೊಗ್ಗು ಬೇಸಗೆಯಲ್ಲಿ ಒಂದು ಒಳ್ಳೆಯ ಮಳೆಗೆ ಕಾಯುತ್ತೆ. ಅದಕ್ಕೆ ಹೂಮಳೆ ಅಂತ ಹೆಸರು. ಇಂಚಿನಷ್ಟು ಮಳೆ ಬಿದ್ದರೆ, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ವಾಸನೆ. ನಲವತ್ತೇ ಸೆಂಟು ಬಿದ್ದರೆ ಮೊಗ್ಗು ಅರ್ಧಕ್ಕೇ ನಿಂತು ಹಾಳು. ಹೂ ಅರಳಿದ ದಿನವೇ ಮಳೆ ಬಂದರೂ ಹಾಳು. ಹೂಮಳೆ ಬಾರದಿದ್ದರೆ ರೊಬಸ್ಟಾ ಬೆಳೆದವರು ಕೆರೆ ನೀರು ಎತ್ತಿ ಸ್ಪ್ರಿಂಕ್ಲರ್ ಹಾಕುತ್ತಾರೆ. ಆದರೆ ಯಾವಾಗ? ಇವತ್ತು ಹಾಕಿದರೆ ನಾಡಿದ್ದು ಮಳೆಯೇ ಬಂದುಬಿಟ್ಟರೆ? ನಾನು ಚಿಕ್ಕವಳಿದ್ದಾಗ ಫೆಬ್ರವರಿ ಕೊನೆಗೆ ಅಪ್ಪ ಸಂಜೆ ಹೊತ್ತು ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದದ್ದು ನೆನಪಿದೆ. ಅವರು ಮಳೆ ಬರುತ್ತಾ ಅಂತ ನೋಡುತ್ತಿದ್ದಾರೆ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ.

"ಮಳೆ ಬರತ್ತೋ ಇಲ್ವೋ ಅಂತ ಕೂತ್ರೆ ತೋಟ ಮಾಡಕ್ಕಾಗಲ್ಲ ಪುಟ್ಟಿ," ಅಂದರು. "ನೀರು ಹಾಕಿದ್ಮೇಲೆ ಮಳೆ ಬಂದ್ರೆ ಡೀಸೆಲ್ ದುಡ್ಡು ಹೋಯ್ತು. ಹಾಕ್ದೆ ಮಳೆ ಬರದೆ ಇದ್ರೆ ವರ್ಷದ ಫಸಲೇ ಹೋಯ್ತು. ಯಾವ್ದನ್ನ ತಡ್ಕೋಬಹುದು ಅಂತ ನೋಡ್ತೀನಿ. ಅಷ್ಟೇ."

ನೀವು ಅಂಕಿಸಂಖ್ಯೆ ಓದಿದವರಾದರೆ ಈ ಹೊತ್ತಿಗೆ ಗುರುತು ಹಿಡಿದಿರುತ್ತೀರಿ. ಇದು ನಮ್ಮ ಪಠ್ಯಪುಸ್ತಕದಲ್ಲೇ ಇತ್ತು, ಪರೀಕ್ಷೆಗೂ ಬಂದಿತ್ತು. ಮುನ್ನೆಚ್ಚರಿಕೆಯ ಖರ್ಚನ್ನು, ಅದಿಲ್ಲದಿದ್ದರೆ ಆಗುವ ನಷ್ಟದಿಂದ ಭಾಗಿಸಿ. ಅಪಾಯದ ಸಾಧ್ಯತೆ ಆ ಅಂಕಿಗಿಂತ ದೊಡ್ಡದಿದ್ದರೆ ಎಚ್ಚರಿಕೆ ತಗೊಳ್ಳಿ, ಚಿಕ್ಕದಿದ್ದರೆ ಬಿಡಿ. ನಾನು ಆ ಸೂತ್ರಕ್ಕೆ ಒಳ್ಳೇ ಮಾರ್ಕ್ಸ್ ತಗೊಂಡಿದ್ದೆ. ಮಾಮಾನ ಟೊಮೆಟೊ ಮುಂದೆ ನಿಂತಾಗ ಅದು ತಲೆಗೇ ಬರಲಿಲ್ಲ.

ಈಗ ಲೆಕ್ಕ ಹಾಕೋಣ. ಮಾಡಿನ ಕೆಳಗೆ ಹಗ್ಗದಿಂದ ಒಂದು ಹಲಗೆ ಕಟ್ಟಿ, ಪುಸ್ತಕ, ಯೂನಿಫಾರ್ಮು, ಮುಖ್ಯ ಕಾಗದಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲಿಡಲು ಹೆಚ್ಚೆಂದರೆ ಐನೂರು ಶಿಲ್ಲಿಂಗು. ಅವರು ಕಳೆದುಕೊಂಡದ್ದು ಕಡಿಮೆ ಅಂದರೂ ಎಂಟು ಸಾವಿರದ್ದು. ಐನೂರನ್ನು ಎಂಟು ಸಾವಿರದಿಂದ ಭಾಗಿಸಿದರೆ ಶೇಕಡಾ ಆರು ಚಿಲ್ಲರೆ. ಮನೆಗೆ ನೀರು ನುಗ್ಗುವ ಸಾಧ್ಯತೆ ನೂರಕ್ಕೆ ಏಳಿದ್ದರೂ ಹಲಗೆ ಕಟ್ಟಬೇಕು.

ಆದರೆ ಆ ಸಾಧ್ಯತೆ ಎಷ್ಟು? ನನ್ನ 45 ಅದಲ್ಲ. ಮಳೆ ಹೆಚ್ಚು ಆಗುವುದು ಬೇರೆ, ಈ ಮನೆಯ ಬಾಗಿಲಿಗೆ ನದಿ ಬರುವುದು ಬೇರೆ. ಅದಕ್ಕೆ ಆ ಗಲ್ಲಿಯ ಹಿಂದಿನ ದಾಖಲೆ ಬೇಕು. ಅಂಥ ಡೇಟಾ ನಮ್ಮ ಯಾವ ಸರ್ವರ್‌ನಲ್ಲೂ ಇಲ್ಲ. ಅಪ್ಪನ ಜೊತೆ ಮಾತಾಡಿದ ಮಾರನೆ ದಿನ ಮಾಮಾನನ್ನೇ ಕೇಳಿದೆ, ಹಿಂದೆ ಯಾವತ್ತಾದರೂ ನೀರು ಬಂದಿತ್ತಾ ಅಂತ. ಅವರು ಸೊಪ್ಪು ಹೆಚ್ಚುತ್ತಲೇ ಹೇಳಿದರು. ದೊಡ್ಡ ಮಗ ಹುಟ್ಟಿದ ವರ್ಷ ಮಂಡಿಯವರೆಗೆ. ಚಿಕ್ಕವಳು ಶಾಲೆ ಸೇರಿದ ವರ್ಷ ಹೊಸ್ತಿಲವರೆಗೆ. ಹೋದ ನವೆಂಬರಿನಲ್ಲಿ ಪಾದದವರೆಗೆ. ಹನ್ನೊಂದು ವರ್ಷದಲ್ಲಿ ಮೂರು ಸಲ, ಇದು ನಾಲ್ಕನೇದು.

ನೂರಕ್ಕೆ ಇಪ್ಪತ್ತೇಳು. ಅದೂ ಮಾಮೂಲಿ ವರ್ಷಗಳನ್ನು ಸೇರಿಸಿ. ಮಳೆ ಹೆಚ್ಚು ಅಂತ ಹೇಳಿದ ವರ್ಷ ಇನ್ನೂ ಮೇಲೆ.

ಅಪ್ಪನ ಮಳೆ ಪುಸ್ತಕದ ಹಾಗೆ ಅವರ ಹತ್ತಿರವೂ ಒಂದು ಪುಸ್ತಕ ಇತ್ತು, ಬರೆದಿಟ್ಟದ್ದಲ್ಲ ಅಷ್ಟೇ. ಮಾರ್ಚಿನ ಆ ಸಂಜೆ ನಾನು ಟೊಮೆಟೊ ಜೋಡಿಸುವ ಬದಲು ಒಂದು ಪ್ರಶ್ನೆ ಕೇಳಿದ್ದರೆ ಉತ್ತರ ಎರಡು ನಿಮಿಷದಲ್ಲಿ ಸಿಗುತ್ತಿತ್ತು: ಹಲಗೆ ಇವತ್ತೇ ಕಟ್ಟಿ. ಹಾಸಿಗೆಯನ್ನು ಮೂರು ತಿಂಗಳು ಮೇಲೆ ಇಡಲಾಗಲ್ಲ, ಮಲಗಬೇಕಲ್ಲ. ಆದ್ದರಿಂದ ಭಾರೀ ಮಳೆಯ ಎಚ್ಚರಿಕೆ ಬಂದ ದಿನ ನಾನು ಫೋನ್ ಮಾಡ್ತೀನಿ, ಅವತ್ತು ಮಕ್ಕಳನ್ನು ಕರಕೊಂಡು ಏರಿನ ಮೇಲಿನ ಯಾರದಾದರೂ ಮನೆಗೆ ಹೋಗಿ. ಮೂರು ತಿಂಗಳ ಮುನ್ಸೂಚನೆ ಹಗ್ಗ ಕೊಳ್ಳುವುದಕ್ಕೆ, ಮೂರು ದಿನದ ಮುನ್ಸೂಚನೆ ಮನೆ ಬಿಡುವುದಕ್ಕೆ. ನನಗೆ ಎರಡೂ ಗೊತ್ತಿತ್ತು. ಅವರ ನಂಬರೂ ನನ್ನ ಫೋನಿನಲ್ಲೇ ಇತ್ತು.

ಹಲಗೆ ಎಲ್ಲವನ್ನೂ ಉಳಿಸುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆ ರಾತ್ರಿ ನೀರು ಎಷ್ಟು ಎತ್ತರ ಬಂತೋ ಏನೋ. ಮತ್ತೆ ನದಿ ಪಕ್ಕ ಮನೆ ಮಾಡಿದ್ದು ಅವರ ಆಯ್ಕೆಯೂ ಅಲ್ಲ, ಅಲ್ಲಿ ಬಾಡಿಗೆ ಕಡಿಮೆ. ಮೇ ತಿಂಗಳಲ್ಲಿ ಸರ್ಕಾರ ನದಿ ದಂಡೆಯವರೆಲ್ಲ ಖಾಲಿ ಮಾಡಬೇಕು ಅಂತ ಆದೇಶ ಹೊರಡಿಸಿತು, ಮಥಾರೆಗೆ ಬುಲ್ಡೋಜರ್ ಬಂತು. ನೀರು ಬಿಟ್ಟುಹೋದ ಕೋಣೆ ಹಾಗೆ ಹೋಯಿತು. ಯಾವ ಹಲಗೆಯೂ ಅದನ್ನು ತಡೆಯುತ್ತಿರಲಿಲ್ಲ. ಮಾಮಾ ಈಗ ಹುರುಮಾದಲ್ಲಿ ಮೂರನೇ ಮಹಡಿಯಲ್ಲಿದ್ದಾರೆ, ಬಾಡಿಗೆ ಮೊದಲಿಗಿಂತ ಬಹಳ ಜಾಸ್ತಿ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಕೋಲ್ಡ್ ಫ್ರಂಟ್ ನೈರೋಬಿಗೆ ಬರಲ್ಲ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಮಸಿಕಾ ಮುಗಿದು ಜೂನ್ ಬಂದರೆ ದಕ್ಷಿಣ ಆಫ್ರಿಕದಲ್ಲಿ ಚಳಿಗಾಲ. ಅಲ್ಲಿ ಒಂದರ ಹಿಂದೊಂದು ಫ್ರಂಟುಗಳು ಹಾಯುತ್ತವೆ. ಗೆರೆ ಅಲ್ಲೇ ಸವೆದುಹೋಗುತ್ತೆ, ಆದರೆ ಅದರ ಹಿಂದಿನ ತಣ್ಣನೆ ಗಾಳಿ ಕೆಲವು ಸಲ ಮೊಜಾಂಬಿಕ್ ಕಾಲುವೆಯ ಗುಂಟ ಉತ್ತರಕ್ಕೆ ನುಗ್ಗುತ್ತೆ. ಆಗ ನೈರೋಬಿಯಲ್ಲಿ ದಿನಗಟ್ಟಲೆ ಮೋಡ, ಸ್ವೆಟರ್ ಹಾಕುವ ಚಳಿ. ಆ ಕಾಲದಲ್ಲಿ ಪೂರ್ವ ಕೆನ್ಯಾದ ತಗ್ಗುನೆಲದ ಮೇಲೆ, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಒಂದು ಜೋರು ಗಾಳಿಯ ಹೊಳೆ ಹರಿಯುತ್ತೆ. ಜಾನ್ ಫಿಂಡ್‌ಲೇಟರ್ ಅನ್ನುವ ವಿಜ್ಞಾನಿ 1969ರಲ್ಲಿ ಅದನ್ನು ವಿವರಿಸಿ ಬರೆದರು. ಈಗ ಅದಕ್ಕೆ ಅವರದ್ದೇ ಹೆಸರು. ಆ ಹೊಳೆ ಭೂಮಧ್ಯರೇಖೆ ದಾಟಿ, ಸೊಮಾಲಿಯಾದ ಬಳಿ ಬಲಕ್ಕೆ ತಿರುಗಿ, ಅರಬ್ಬೀ ಸಮುದ್ರದ ಮೇಲೆ ನೀರು ಹೀರಿಕೊಂಡು ಹೋಗಿ ಪಶ್ಚಿಮ ಘಟ್ಟಕ್ಕೆ ಬಡಿಯುತ್ತೆ. ಕೆನ್ಯಾದ ಮೇಲೆ ಆ ಗಾಳಿ ಏರಿಳಿಯುವುದಕ್ಕೂ ಪಶ್ಚಿಮ ಭಾರತದ ಮಳೆ ಏರಿಳಿಯುವುದಕ್ಕೂ ನಂಟಿದೆ ಅಂತ ಫಿಂಡ್‌ಲೇಟರ್ ತೋರಿಸಿದ್ದರು.

ಅಂದರೆ ಅಪ್ಪ ಜೂನಿನಲ್ಲಿ "ಮೂರಿಂಚು ಹತ್ತು ಸೆಂಟು" ಅನ್ನುವ ಮಳೆಯನ್ನು ಹೊತ್ತ ಗಾಳಿ ಕೆಲವು ದಿನ ಮೊದಲು ನನ್ನ ಪೂರ್ವಕ್ಕೆ ಹಾದುಹೋಗಿರುತ್ತೆ. ಇದನ್ನು ಹೇಳಿದ ದಿನ ಅಪ್ಪ, "ಹಾಗಾದ್ರೆ ಹೊರಟಾಗ ಒಂದು ಫೋನ್ ಮಾಡು" ಅಂದರು. ಮಾಡ್ತೀನಿ. ಆದರೆ ಈಗ ಬರೀ "ಗಾಳಿ ಜೋರಿದೆ" ಅನ್ನಲ್ಲ. "ಮೆಣಸಿಗೆ ಔಷಧಿ ಹೊಡೆಯೋದು ಬಾಕಿ ಇದೆಯಾ?" ಅಂತ ಮೊದಲು ಕೇಳ್ತೀನಿ.

ಈಗ ಮತ್ತೆ ಮಾರ್ಚ್. ಮಾಮಾಗೆ ಹಾಸಿಗೆಯ ಚಿಂತೆ ಇಲ್ಲ, ಬೇರೆ ಪ್ರಶ್ನೆ ಇದೆ. ಬೆಳಗಿನ ಜಾವ ಸಗಟು ಮಾರುಕಟ್ಟೆಯಿಂದ ಟೊಮೆಟೊ ಒಂದು ಕ್ರೇಟು ತರಬೇಕಾ, ಎರಡಾ? ಮಳೆ ಬಂದರೆ ರಸ್ತೆಯಲ್ಲಿ ಗಿರಾಕಿ ಇರಲ್ಲ, ಟೊಮೆಟೊ ಕೊಳೆಯುತ್ತೆ. ನಾನು ಮೊದಲು ಕೇಳುವುದು, ಒಂದು ಕ್ರೇಟು ಕೊಳೆತರೆ ಎಷ್ಟು ನಷ್ಟ, ಒಂದೇ ತಂದು ಬೇಗ ಖಾಲಿಯಾದರೆ ಎಷ್ಟು ಲಾಭ ತಪ್ಪುತ್ತೆ. ಆಮೇಲೆ ಫೋನು ನೋಡ್ತೀನಿ. ಹೋದ ಗುರುವಾರ 60 ಅಂತಿತ್ತು. "ಒಂದೇ ತನ್ನಿ ಮಾಮಾ" ಅಂದೆ.

ಮಳೆ ಬರಲಿಲ್ಲ. ಮಧ್ಯಾಹ್ನದೊಳಗೆ ಟೊಮೆಟೊ ಖಾಲಿ. ಸಂಜೆ ನಾನು ಗೇಟಿನ ಹತ್ತಿರ ಬರುವುದನ್ನೇ ಕಾಯುತ್ತಿದ್ದರು. ಖಾಲಿ ಕ್ರೇಟನ್ನು ತಲೆಕೆಳಗು ಮಾಡಿ, ಅದರ ಮೇಲೆ ಕೂತು, ಪಕ್ಕದ ಅಂಗಡಿಯವರಿಗೂ ಕೇಳುವ ಹಾಗೆ ಕೂಗಿದರು: "ದಾದಾ! ಎಲ್ಲಿ ನಿನ್ನ ಮಳೆ?"

ನಿಮ್ಮ ಮುನ್ಸೂಚನೆ ತಪ್ಪಾಯಿತು ಅಂತ ಯಾರಾದರೂ ನಿಮ್ಮನ್ನು ಬೈದಿದ್ದಾರಾ? ನನಗೆ ಅವತ್ತು ಬಹಳ ಖುಷಿಯಾಯಿತು. ನಾಳೆಗೆ ಎರಡು ತನ್ನಿ ಅಂತ ಹೇಳಿ, ಉಳಿದಿದ್ದ ಸೊಪ್ಪು ತಗೊಂಡು ಮನೆಗೆ ಬಂದೆ.